ಹದಿನೈದು ದಿನ ದಾಟಿದ ಬಾಯಿಹುಣ್ಣು: ಕನ್ನಡಿಯಿಂದ ಬಯಾಪ್ಸಿಗೆ, ಅಲ್ಲಿಂದ ಮುಂದಿನ ಐದು ವರ್ಷಕ್ಕೆ

ಊಟವಾದ ಕೂಡಲೇ ಕವಳದ ಬಟ್ಟಲು ಮುಂದೆ ಬರುವ ಸೀಮೆ ನಮ್ಮದು. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದ ಮನೆಗಳಲ್ಲಿ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು. ಘಟ್ಟ ಇಳಿದರೆ ಬೋಟಿನ ಮೇಲೆ ಬೀಡಿ ಮತ್ತು ಪ್ಯಾಕೆಟ್. ಗೋವೆಯ ಗಡಿಯತ್ತ ಹೋದರೆ ಸುಟ್ಟ ತಂಬಾಕಿನ ಮಿಶ್ರಿಯಿಂದ ಹಲ್ಲುಜ್ಜುವವರೂ ಸಿಗುತ್ತಾರೆ. ಹಾಗಾಗಿ ಉತ್ತರ ಕನ್ನಡದಲ್ಲಿ ಕ್ಯಾನ್ಸರ್ ತಪಾಸಣೆ ಎಂದರೆ ಮೊದಲು ನೋಡಬೇಕಾದ್ದು ಬಾಯಿ. ಹೊಟ್ಟೆಯೊಳಗಿನದನ್ನು ನೋಡಲು ಯಂತ್ರ ಬೇಕು, ಬಾಯಿ ನೋಡಲು ಒಂದು ಕನ್ನಡಿ, ಒಂದು ಟಾರ್ಚು ಸಾಕು. ಆದರೂ ಬಹಳ ಜನ ಆಸ್ಪತ್ರೆಗೆ ಬರುವುದು ಗಡ್ಡೆ ಕೆನ್ನೆಯಿಂದ ಹೊರಗೆ ಕಾಣುವಾಗ.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ‘ನಾವು ಹೊಗೆಸೊಪ್ಪು ಹಾಕುವುದಿಲ್ಲ, ಬರೀ ಎಲೆ ಅಡಿಕೆ’ ಎನ್ನುವುದು ರಕ್ಷಣೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ತಂಬಾಕಿಲ್ಲದ ಕವಳವನ್ನೂ, ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆಯಿಂದಲೇ ಅನ್ನ ಕಾಣುವ ಊರಿನಲ್ಲಿ ಇದು ಇಷ್ಟವಾಗುವ ಮಾತಲ್ಲ, ಗೊತ್ತು. ಬೆಳೆಯ ಜಗಳ ಬೇರೆ, ದವಡೆಯ ಸಂದಿಯಲ್ಲಿ ದಿನಕ್ಕೆ ಹತ್ತು ಸಲ ಇಟ್ಟುಕೊಳ್ಳುವುದು ಬೇರೆ.

ಕನ್ನಡಿ ಮುಂದೆ ಐದು ನಿಮಿಷ

ಮೂವತ್ತು ದಾಟಿದವರು, ಅದರಲ್ಲೂ ಕವಳ, ಗುಟ್ಕಾ, ಬೀಡಿ, ಸೆರೆ ಯಾವುದಾದರೂ ಇರುವವರು, ತಿಂಗಳಿಗೊಮ್ಮೆ ನೋಡಿಕೊಳ್ಳಿ. ಬೆಳಗಿನ ಬೆಳಕಿನಲ್ಲಿ, ಕಿಟಕಿಗೆ ಎದುರಾಗಿ ನಿಂತು. ಮೊದಲು ಹಲ್ಲುಜ್ಜಿ ಚೆನ್ನಾಗಿ ಬಾಯಿ ಮುಕ್ಕಳಿಸಿ; ಕವಳದ ಕೆಂಪು ಇದ್ದರೆ ಒಳಗಿನ ಕೆಂಪು ಮಚ್ಚೆ ಕಾಣುವುದಿಲ್ಲ. ಹಲ್ಲಿನ ಸೆಟ್ ಇದ್ದರೆ ತೆಗೆದಿಡಿ, ಅದರ ಅಡಿಯಲ್ಲೇ ಅಡಗಿರುವುದುಂಟು. ಕೈ ತೊಳೆದುಕೊಳ್ಳಿ.

ತುಟಿಯಿಂದ ಶುರುಮಾಡಿ. ಕೆಳತುಟಿಯನ್ನು ಮಡಚಿ ಒಳಮೈ, ಒಸಡು ನೋಡಿ, ಮೇಲ್ತುಟಿಗೂ ಹಾಗೆಯೇ. ಆಮೇಲೆ ತೋರುಬೆರಳಿನಿಂದ ಒಂದು ಕೆನ್ನೆಯನ್ನು ಹೊರಕ್ಕೆಳೆದು ಟಾರ್ಚು ಬಿಡಿ. ಕೆಳ ದವಡೆಗೂ ಕೆನ್ನೆಗೂ ನಡುವಿನ ಸಂದಿಯನ್ನು ತಳದವರೆಗೆ ನೋಡಬೇಕು, ಏಕೆಂದರೆ ಕವಳ ಕೂರುವುದು ಅಲ್ಲೇ. ಯಾವ ಬದಿಯಲ್ಲಿ ಇಟ್ಟುಕೊಳ್ಳುವ ಅಭ್ಯಾಸವೋ ಆ ಬದಿಗೆ ಎರಡರಷ್ಟು ಹೊತ್ತು ಕೊಡಿ. ತೋರುಬೆರಳು ಒಳಗೆ, ಹೆಬ್ಬೆರಳು ಹೊರಗೆ ಇಟ್ಟು ಕೆನ್ನೆಯನ್ನು ಹಿಡಿದು ನೋಡಿ: ಮೆತ್ತಗಿರಬೇಕು. ದಪ್ಪ ಕಾಗದದ ಹಾಗೆ ಬಿರುಸಾಗಿದ್ದರೆ, ಒಳಗೆ ದಾರದಂತೆ ಎಳೆ ಸಿಕ್ಕರೆ ನೆನಪಿಟ್ಟುಕೊಳ್ಳಿ.

ನಾಲಿಗೆಯನ್ನು ಬರಿಗೈಯಲ್ಲಿ ಹಿಡಿದರೆ ಜಾರುತ್ತದೆ. ತುದಿಯನ್ನು ಒಣ ಹತ್ತಿಬಟ್ಟೆಯಲ್ಲಿ ಸುತ್ತಿ ಮುಂದಕ್ಕೆಳೆದು ಒಂದು ಮಗ್ಗುಲಿಗೆ ಹೊರಳಿಸಿ, ಆಮೇಲೆ ಇನ್ನೊಂದಕ್ಕೆ. ನಾಲಿಗೆಯ ಮೇಲ್ಭಾಗವನ್ನು ಎಲ್ಲರೂ ನೋಡುತ್ತಾರೆ. ರೋಗ ಹೆಚ್ಚಾಗಿ ಕೂರುವುದು ಅಂಚಿನಲ್ಲಿ, ಹಿಂದಿನ ದವಡೆಹಲ್ಲಿಗೆ ತಾಗುವ ಕಡೆ. ಕೊನೆಗೆ ನಾಲಿಗೆಯ ತುದಿಯನ್ನು ಅಂಗುಳಕ್ಕೆ ಒತ್ತಿ ಅಡಿಭಾಗ ನೋಡಿ, ತಲೆ ಹಿಂದಕ್ಕೆ ಬಾಗಿಸಿ ಅಂಗುಳ ನೋಡಿ. ಕುತ್ತಿಗೆಯ ಎರಡೂ ಬದಿ, ದವಡೆಯ ಅಡಿ, ಕಿವಿಯ ಹಿಂದೆ ಬೆರಳಾಡಿಸಿ.

ಮೂರು ಬೆರಳಿನ ಪರೀಕ್ಷೆ ಮರೆಯಬೇಡಿ. ನಿಮ್ಮದೇ ತೋರು, ನಡು, ಉಂಗುರದ ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಮೇಲಿನ ಮತ್ತು ಕೆಳಗಿನ ಮುಂಬಲ್ಲಿನ ನಡುವೆ ತೂರಿಸಿ. ಮೂರೂ ಹೋಗಬೇಕು. ಎರಡಕ್ಕೇ ನಿಂತರೆ ಬಾಯಿ ಕಟ್ಟುತ್ತಿದೆ ಎಂದರ್ಥ. ಅಡಿಕೆ ಅಗಿಯುವವರ ಕೆನ್ನೆಯ ಒಳಪದರ ಗಟ್ಟಿಯಾಗುವ ಈ ರೋಗಕ್ಕೆ ವೈದ್ಯರು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಬಾಯಿ ಕಟ್ಟುವ ಎಷ್ಟೋ ಮುಂಚೆ ಖಾರ ತಡೆಯದಾಗುತ್ತದೆ: ಮೊದಲು ಚಪ್ಪರಿಸಿ ಕುಡಿಯುತ್ತಿದ್ದ ಅಪ್ಪೆಹುಳಿ ಉರಿಯುತ್ತದೆ, ಮೀನು ಸಾರು ತುಟಿಗಿಟ್ಟರೆ ಕಣ್ಣಲ್ಲಿ ನೀರು. ‘ಈಗೀಗ ಅವರಿಗೆ ಸಪ್ಪೆ ಅಡುಗೆಯೇ ಬೇಕು’ ಎಂದು ಮನೆಯವರು ಹೇಳಿದರೆ ಅದನ್ನು ಹೊಟ್ಟೆಯ ತೊಂದರೆ ಎಂದುಕೊಳ್ಳದೆ ಬಾಯಿ ತೆರೆಸಿ ನೋಡಿ. ಗಟ್ಟಿಯಾದ ಪದರ ಮತ್ತೆ ಮೊದಲಿನಂತಾಗುವುದಿಲ್ಲ. ಅಡಿಕೆ ಬಿಟ್ಟರೆ ಮುಂದುವರಿಯುವುದು ನಿಲ್ಲಬಹುದು, ವ್ಯಾಯಾಮದಿಂದ ಸ್ವಲ್ಪ ತೆರೆದುಕೊಳ್ಳಬಹುದು.

ಹೆದರಬೇಕಾಗಿಲ್ಲದವೂ ಇವೆ, ಅವನ್ನು ಕಂಡು ರಾತ್ರಿಯಿಡೀ ನಿದ್ದೆಗೆಡುವವರು ಇದ್ದಾರೆ. ಹಲ್ಲು ಕೂಡುವ ಮಟ್ಟದಲ್ಲಿ ಕೆನ್ನೆಯೊಳಗೆ ಅಡ್ಡಕ್ಕೆ ಹೋಗುವ ಬಿಳಿ ಗೆರೆ, ತುಟಿ ಕೆನ್ನೆಗಳಲ್ಲಿ ಸಾಸಿವೆಗಿಂತ ಸಣ್ಣ ಹಳದಿ ಚುಕ್ಕೆಗಳು, ಅಂಗುಳದ ನಡುವೆ ಕಲ್ಲಿನಂಥ ಮೂಳೆಯ ಉಬ್ಬು, ನಾಲಿಗೆಯ ಹಿಂಬದಿಯ ಅಂಚಿನಲ್ಲಿ ಮಡಿಕೆ ಮಡಿಕೆಯಾದ ಗುಳ್ಳೆ. ಇವುಗಳಿಗೆ ಒಂದು ಸುಲಭದ ಉಪಾಯವಿದೆ: ಇನ್ನೊಂದು ಬದಿಯನ್ನೂ ನೋಡಿ. ಎರಡೂ ಕಡೆ ಒಂದೇ ಥರ ಇದ್ದರೆ ಸಾಮಾನ್ಯವಾಗಿ ಸಹಜವಾದದ್ದು. ಒಂದೇ ಬದಿಯಲ್ಲಿದ್ದರೆ ತೋರಿಸಿ.

ಬಿಳಿ ಮಚ್ಚೆ ಕಂಡರೆ ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಸುಣ್ಣ ಹೆಚ್ಚಾಗಿ ಸುಟ್ಟದ್ದಾದರೆ ಬಿಳಿಪೊರೆ ಕಿತ್ತು ಬರುತ್ತದೆ, ಕೆಲವು ದಿನಗಳಲ್ಲಿ ಮಾಯುತ್ತದೆ. ಬೂಷ್ಟಿನ ಸೋಂಕಾದರೂ ಒರೆಸಿದರೆ ಬರುತ್ತದೆ, ಸಕ್ಕರೆ ಕಾಯಿಲೆಯವರಲ್ಲಿ ಅದು ಜಾಸ್ತಿ. ಒರೆಸಿದರೂ ಹೋಗದ ಬಿಳಿ ಮಚ್ಚೆಯನ್ನು ವೈದ್ಯರು ನೋಡಲೇಬೇಕು. ಮಖಮಲ್ಲಿನಂಥ ಕೆಂಪು ಮಚ್ಚೆ, ಅಥವಾ ಬಿಳಿಯಲ್ಲಿ ಕೆಂಪು ಬೆರೆತದ್ದು, ಬರೀ ಬಿಳಿಗಿಂತ ಅಪಾಯದ್ದು. ಅದಕ್ಕೆ ಕಾಯುವ ಮಾತೇ ಇಲ್ಲ.

ಹದಿನೈದು ದಿನದ ಲೆಕ್ಕ

ಹುಣ್ಣಿಗೆ ಒಂದು ಕಾರಣ ಕಂಡರೆ ಮೊದಲು ಅದನ್ನು ತೆಗೆಸಿ: ಚೂಪಾದ ಮುರುಕು ಹಲ್ಲಾದರೆ ದಂತವೈದ್ಯರಿಂದ ಉಜ್ಜಿಸಿ, ತಾಗುವ ಸೆಟ್ಟಾದರೆ ತೆಗೆದಿಡಿ, ಕವಳ ನಿಲ್ಲಿಸಿ. ಅಂದಿನಿಂದ ಕ್ಯಾಲೆಂಡರಿನಲ್ಲಿ ಎಣಿಸಿ ಹದಿನೈದು ದಿನ. ಮಾಯಬೇಕಾದ ಹುಣ್ಣು ಅಷ್ಟರಲ್ಲಿ ಮಾಯುತ್ತದೆ. ಮಾಯದಿದ್ದರೆ ಎರಡನೇ ಹದಿನೈದು ದಿನ ಎಂಬುದಿಲ್ಲ. ಇಲ್ಲೇ ದೊಡ್ಡ ಎಡವಟ್ಟಾಗುವುದು. ಮೆಡಿಕಲ್ ಅಂಗಡಿಯ ಜೆಲ್ ಹಚ್ಚಿದರೆ ಜಾಗ ಮರಗಟ್ಟಿ ನೋವು ಹೋಗುತ್ತದೆ, ಹುಣ್ಣು ಇರುತ್ತದೆ. ಬಿ ಕಾಂಪ್ಲೆಕ್ಸ್ ಗುಳಿಗೆ ಒಂದು ತಿಂಗಳು, ಆಮೇಲೆ ಊರಿನ ಬೇರಿನ ಔಷಧ ಎರಡು ತಿಂಗಳು, ಅಷ್ಟರಲ್ಲಿ ಅಡಿಕೆ ಕೊನೆಕೊಯ್ಲು ಬಂತು, ಮುಗಿಯಲಿ ಎಂದು ಇನ್ನೆರಡು ತಿಂಗಳು. ಶುರುವಿನ ಬಾಯಿ ಕ್ಯಾನ್ಸರ್ ಹೆಚ್ಚಾಗಿ ನೋಯುವುದಿಲ್ಲ ಎಂಬುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ನೋಯುವ ಸಣ್ಣ ಹುಣ್ಣಿಗಿಂತ ನೋಯದ, ಅಂಚು ಗಟ್ಟಿಯಾದ ಹುಣ್ಣಿಗೆ ಹೆಚ್ಚು ಹೆದರಬೇಕು.

ಕಾರಣವಿಲ್ಲದೆ ಅಲುಗುವ ಹಲ್ಲು, ಹಲ್ಲು ಕಿತ್ತ ಮೇಲೆ ತುಂಬದ ಕುಳಿ, ಕೆಳತುಟಿ ಮರಗಟ್ಟುವುದು, ಕುತ್ತಿಗೆಯಲ್ಲಿ ನೋಯದ ಗಟ್ಟಿ ಗಂಟು, ಮೂರು ವಾರ ದಾಟಿದ ಒಡಕು ದನಿ, ನುಂಗುವಾಗ ಕಿವಿಗೆ ಹೊಡೆಯುವ ನೋವು: ಇವುಗಳಿಗೂ ತಪಾಸಣೆ ಬೇಕು.

ಮೊದಲು ಯಾರಲ್ಲಿಗೆ

ಊರಿನ ಆಶಾ ಕಾರ್ಯಕರ್ತೆಯ ಬಳಿ ಮೂವತ್ತು ದಾಟಿದ ಎಲ್ಲರಿಗೂ ತುಂಬುವ ಒಂದು ಫಾರ್ಮ್ ಇದೆ. ವಯಸ್ಸು, ತಂಬಾಕು, ಮದ್ಯ, ಸೊಂಟದ ಸುತ್ತಳತೆ, ಮನೆತನದ ಕಾಯಿಲೆ ಕೇಳಿ ಅಂಕ ಹಾಕುತ್ತಾರೆ. 4ಕ್ಕಿಂತ ಹೆಚ್ಚು ಬಂದವರನ್ನು ಮೊದಲು ಕರೆಯುತ್ತಾರೆ. ಅಂಕ ಕಡಿಮೆ ಬಂತೆಂದು ತಪ್ಪಿಸಿಕೊಳ್ಳಬೇಡಿ, ತಪಾಸಣೆ ಎಲ್ಲರಿಗೂ ಇದೆ. ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಬಾಯಿ, ಸ್ತನ, ಗರ್ಭಕೊರಳು ಮೂರನ್ನೂ ಐದು ವರ್ಷಕ್ಕೊಮ್ಮೆ ನೋಡಬೇಕೆಂಬುದು ರಾಷ್ಟ್ರೀಯ ಕಾರ್ಯಕ್ರಮದ ನಿಯಮ. ಕವಳ ಹಾಕುವವರ ಬಾಯಿಗೆ ಐದು ವರ್ಷ ಬಹಳ ದೂರ. ವರ್ಷಕ್ಕೊಮ್ಮೆಯಾದರೂ ದಂತವೈದ್ಯರಿಗೆ ತೋರಿಸಿ. ಮೀನುಗಾರರಿಗೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟು ಕಡಲಿಗಿಳಿಯದ ದಿನಗಳಿಗಿಂತ ಒಳ್ಳೆ ಹೊತ್ತು ಬೇರಿಲ್ಲ.

ಅನುಮಾನ ಬಂದರೆ ಅಲ್ಲಿಂದ ತಾಲೂಕು ಆಸ್ಪತ್ರೆಯ ದಂತ ಅಥವಾ ಕಿವಿ-ಮೂಗು-ಗಂಟಲು ವಿಭಾಗಕ್ಕೆ, ಬೇಕಾದರೆ ಕಾರವಾರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ. ಹೊರಡುವಾಗ ಬಾಯಿಮಾತಿನ ‘ದೊಡ್ಡಾಸ್ಪತ್ರೆಗೆ ತೋರಿಸಿ’ ಸಾಲದು; ಯಾವ ಜಾಗದಲ್ಲಿ, ಎಷ್ಟು ದಿನದಿಂದ, ಎಷ್ಟು ದೊಡ್ಡದು ಎಂದು ಬರೆದ ರೆಫರಲ್ ಚೀಟಿ ಕೇಳಿ ಪಡೆಯಿರಿ. ಮುಂದೆ ಸರ್ಕಾರಿ ಯೋಜನೆಯ ಚಿಕಿತ್ಸೆಗೆ ಅದೇ ಚೀಟಿ ಬಾಗಿಲು.

ಬಯಾಪ್ಸಿ ಎಂಬ ಬಾಗಿಲು

ಕಣ್ಣಿಗೆ ಕಂಡದ್ದರಿಂದ ಕ್ಯಾನ್ಸರ್ ಎಂದು ಯಾರೂ ಹೇಳಲಾಗದು, ಅಲ್ಲ ಎಂದೂ ಹೇಳಲಾಗದು. ತುಣುಕು ತೆಗೆದು ನೋಡಬೇಕು. ‘ಚಾಕು ತಾಗಿದರೆ ಹರಡುತ್ತದೆ’ ಎಂಬ ಮಾತು ನಮ್ಮ ಕಡೆ ಹೋದಲ್ಲೆಲ್ಲ ಕೇಳುತ್ತದೆ. ಬಯಾಪ್ಸಿ ಮಾಡಿಸಿದ್ದರಿಂದ ಬಾಯಿಯ ಕ್ಯಾನ್ಸರ್ ಹರಡುವುದಿಲ್ಲ. ಹರಡಿದ್ದು ಬಯಾಪ್ಸಿಗೆ ಹೋಗದೆ ಕಳೆದ ತಿಂಗಳುಗಳಲ್ಲಿ, ಗೊತ್ತಾಗಿದ್ದು ಬಯಾಪ್ಸಿಯ ದಿನ. ಹೊಣೆ ಮಾತ್ರ ಚಾಕುವಿನ ಮೇಲೆ.

ಜಾಗಕ್ಕೆ ಇಂಜೆಕ್ಷನ್ ಕೊಟ್ಟು ಹುಣ್ಣಿನ ಅಂಚಿನಿಂದ, ಪಕ್ಕದ ಒಳ್ಳೆ ಚರ್ಮವೂ ಸ್ವಲ್ಪ ಸೇರಿದಂತೆ ಅಕ್ಕಿಕಾಳಿಗಿಂತ ತುಸು ದೊಡ್ಡ ತುಣುಕು ತೆಗೆಯುತ್ತಾರೆ. ನಡುವಿನ ಕೊಳೆತ ಭಾಗ ತೆಗೆದರೆ ವರದಿಯಲ್ಲಿ ಏನೂ ಸಿಗುವುದಿಲ್ಲ. ಉಪವಾಸ ಬೇಡ, ತಿಂಡಿ ತಿಂದು ಹೋಗಿ. ಆಸ್ಪಿರಿನ್, ಕ್ಲೊಪಿಡೋಗ್ರೆಲ್, ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಗುಳಿಗೆ ಇದ್ದರೆ ಮೊದಲೇ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ತುಣುಕು ಫಾರ್ಮಲಿನ್ನಿನಲ್ಲಿ ಹೋಗಬೇಕು, ತುಣುಕಿನ ಸುಮಾರು ಹತ್ತು ಪಟ್ಟು ದ್ರವ ಇರಬೇಕು. ಸಲೈನಿನಲ್ಲೋ ನೀರಿನಲ್ಲೋ ಹಾಕಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಕಳಿಸಿದರೆ ದಾರಿಯಲ್ಲೇ ಕೊಳೆಯುತ್ತದೆ, ಮತ್ತೆ ತೆಗೆಸಬೇಕಾಗುತ್ತದೆ. ನಿಮ್ಮ ಕೈಯಲ್ಲೇ ಡಬ್ಬಿ ಕೊಟ್ಟರೆ ಹೆಸರು, ತಾರೀಕು, ಯಾವ ಜಾಗ ಎಂಬ ಚೀಟಿ ಅಂಟಿಸಿದೆಯೇ ನೋಡಿಕೊಳ್ಳಿ.

ವರದಿಯಲ್ಲಿ ‘ಡಿಸ್‌ಪ್ಲೇಸಿಯಾ’ ಎಂದಿದ್ದರೆ ಇನ್ನೂ ಕ್ಯಾನ್ಸರ್ ಆಗಿಲ್ಲ, ಆದರೆ ಜೀವಕೋಶ ದಾರಿ ತಪ್ಪಿದೆ. ತೆಗೆಸುವುದೋ, ಮೂರರಿಂದ ಆರು ತಿಂಗಳಿಗೊಮ್ಮೆ ನೋಡುವುದೋ ವೈದ್ಯರು ಹೇಳುತ್ತಾರೆ. ‘ಕಾರ್ಸಿನೋಮಾ’ ಎಂದರೆ ಕ್ಯಾನ್ಸರ್. ಏನೂ ಇಲ್ಲ ಎಂದು ಬಂದು ಹುಣ್ಣು ಮಾತ್ರ ಹಾಗೇ ಇದ್ದರೆ ವರದಿಯನ್ನಲ್ಲ, ಹುಣ್ಣನ್ನು ನಂಬಿ, ಮತ್ತೊಮ್ಮೆ ತೆಗೆಸಬೇಕು.

ಹೆಂಗಸರಿಗೆ ಇನ್ನೆರಡು

ಗರ್ಭಕೊರಳಿನ ತಪಾಸಣೆಗೆ ಆರೋಗ್ಯ ಮಂದಿರದಲ್ಲಿ ಮಾಡುವುದು ವಿಐಎ. ಹಗುರ ಅಸಿಟಿಕ್ ಆಮ್ಲ, ಅಂದರೆ ವಿನೆಗರಿನಂಥದೇ ದ್ರವ, ಹತ್ತಿಯಲ್ಲಿ ಅದ್ದಿ ಹಚ್ಚಿ ಒಂದು ನಿಮಿಷ ಕಾಯುತ್ತಾರೆ. ಕೆಟ್ಟ ಜಾಗ ಬೆಳ್ಳಗಾಗುತ್ತದೆ. ಆ ಒಂದು ನಿಮಿಷ ಕಾಯದೆ ನೋಡಿದರೆ ಬಿಳುಪು ತಪ್ಪಿಹೋಗುತ್ತದೆ. ಮುಟ್ಟಿನ ದಿನಗಳಲ್ಲಿ ಬೇಡ; ಹಿಂದಿನ ಎರಡು ದಿನ ಒಳಗಿಡುವ ಗುಳಿಗೆಯಾಗಲೀ ಗಂಡನ ಸಂಗವಾಗಲೀ ಬೇಡ. ಬೆಳ್ಳಗಾಯಿತು ಎಂದರೆ ಕ್ಯಾನ್ಸರ್ ಎಂದಲ್ಲ, ಮುಂದಿನ ಪರೀಕ್ಷೆ ಬೇಕು ಎಂದಷ್ಟೇ. ಹೆಚ್ಚಿನವರಿಗೆ ಆ ಚೂರು ಪದರವನ್ನು ಸುಟ್ಟೋ ಕತ್ತರಿಸಿಯೋ ತೆಗೆದರೆ ಮುಗಿಯಿತು. ಮುಟ್ಟು ನಿಂತವರಲ್ಲಿ ನೋಡಬೇಕಾದ ಜಾಗ ಒಳಕ್ಕೆ ಸರಿಯುವುದರಿಂದ ವಿಐಎ ಅಷ್ಟು ನಂಬಲರ್ಹವಲ್ಲ; ಅವರು ಗರ್ಭಕೊರಳಿನ ಜೀವಕೋಶ ನೋಡುವ ಪ್ಯಾಪ್ ಅಥವಾ ವೈರಸ್ ಹುಡುಕುವ ಎಚ್‌ಪಿವಿ ಪರೀಕ್ಷೆ ಕೇಳಬೇಕು. ಮುಟ್ಟು ನಿಂತು ವರ್ಷವಾದ ಮೇಲೆ ಒಂದೇ ಒಂದು ಚುಕ್ಕೆ ರಕ್ತ ಕಂಡರೂ, ಸಂಗದ ನಂತರ ರಕ್ತ ಹೋದರೂ ಯಾವ ಶಿಬಿರಕ್ಕೂ ಕಾಯದೆ ಸ್ತ್ರೀರೋಗ ವೈದ್ಯರಲ್ಲಿಗೆ ಹೋಗಿ. ‘ಬಿಸಿಲಿಗೆ ಉಷ್ಣವಾಗಿದೆ’ ಎಂದು ಎಳನೀರು ಕುಡಿದು ಸುಮ್ಮನಾಗುವ ವಿಷಯವಲ್ಲ ಅದು.

ಸ್ತನವನ್ನು ಮುಟ್ಟು ಶುರುವಾದ ಏಳರಿಂದ ಹತ್ತನೇ ದಿನದೊಳಗೆ, ಮುಟ್ಟು ನಿಂತವರು ತಿಂಗಳ ಒಂದು ಗೊತ್ತಾದ ತಾರೀಕಿಗೆ ನೋಡಿಕೊಳ್ಳಿ. ಮೂರು ಬೆರಳಿನ ತುದಿಯಿಂದಲ್ಲ, ಬೆರಳಿನ ಮೆತ್ತನೆ ಭಾಗದಿಂದ, ಕಂಕುಳಿನವರೆಗೆ. ಗಂಟು, ಚರ್ಮ ಒಳಕ್ಕೆ ಸೆಳೆದದ್ದು, ಹೊಸದಾಗಿ ಒಳಹೋದ ತೊಟ್ಟು, ತೊಟ್ಟಿನಿಂದ ರಕ್ತ, ಕಿತ್ತಳೆ ಸಿಪ್ಪೆಯಂತಾದ ಚರ್ಮ: ಯಾವುದಿದ್ದರೂ ತೋರಿಸಿ. ಒಂದು ತಪ್ಪು ಮಾತ್ರ ಮಾಡಿಸಿಕೊಳ್ಳಬೇಡಿ. ‘ಸಣ್ಣ ಗಂಟು, ಇವತ್ತೇ ತೆಗೆದುಬಿಡೋಣ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಮೊದಲು ಕೈಯಲ್ಲಿ ಪರೀಕ್ಷೆ, ಆಮೇಲೆ ಮ್ಯಾಮೊಗ್ರಾಮ್ ಅಥವಾ ಅಲ್ಟ್ರಾಸೌಂಡ್, ಆಮೇಲೆ ದಪ್ಪ ಸೂಜಿಯ ಬಯಾಪ್ಸಿ. ಅಡ್ಡಾದಿಡ್ಡಿ ತೆಗೆದು ಗಂಟನ್ನು ಎಸೆದುಬಿಟ್ಟರೆ ಯಾವ ಹಾರ್ಮೋನಿಗೆ ಸ್ಪಂದಿಸುವ ಗಡ್ಡೆ ಎಂದು ತಿಳಿಯುವ ದಾರಿಯೇ ಮುಚ್ಚುತ್ತದೆ.

ಘಟ್ಟ ಹತ್ತುವ ಮೊದಲು

ಕ್ಯಾನ್ಸರ್ ಎಂದು ಬಂದರೆ ಶಿರಸಿ, ಯಲ್ಲಾಪುರದವರು ಹೆಚ್ಚಾಗಿ ಹುಬ್ಬಳ್ಳಿಗೆ, ಭಟ್ಕಳ ಹೊನ್ನಾವರದವರು ಮಣಿಪಾಲ ಮಂಗಳೂರಿಗೆ, ಕಾರವಾರದವರು ಗೋವೆಯ ಬಾಂಬೋಳಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೂ ಹೋಗುತ್ತಾರೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಎಲ್ಲರಿಗೂ ಇದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡಾ 30ರಂತೆ 1.5 ಲಕ್ಷದವರೆಗೆ ಇದೆ. ಇದು ನಗದುರಹಿತ ಯೋಜನೆ. ಕೌಂಟರಿನಲ್ಲಿ ದುಡ್ಡು ಕಟ್ಟುವ ಮೊದಲು ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರರನ್ನು ಕಾಣಿ. ಕಟ್ಟಿ ಆಮೇಲೆ ಕೇಳಿದರೆ ವಾಪಸ್ಸು ಬರುವುದು ಕಷ್ಟ. ಆಧಾರದಲ್ಲಿ ‘ಗಣಪತಿ’, ರೇಷನ್ ಕಾರ್ಡಿನಲ್ಲಿ ‘ಗಣಪ’ ಎಂದಿದ್ದರೆ ಹೊರಡುವ ಮುನ್ನವೇ ಸರಿಮಾಡಿಸಿ, ಇಲ್ಲವಾದರೆ ಮಂಜೂರಾತಿ ಅಲ್ಲೇ ನಿಲ್ಲುತ್ತದೆ.

ಫೈಲಿನಲ್ಲಿ ವರದಿಯ ಜೊತೆ ಬಯಾಪ್ಸಿಯ ಗಾಜಿನ ಸ್ಲೈಡು ಮತ್ತು ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ಇರಲೇಬೇಕು. ದೊಡ್ಡ ಆಸ್ಪತ್ರೆ ಮತ್ತೆ ತಾನೇ ನೋಡುತ್ತದೆ. ಅವಿಲ್ಲದಿದ್ದರೆ ಮತ್ತೆ ಬಯಾಪ್ಸಿ, ಮತ್ತೊಂದು ವಾರ. ತುಣುಕು ಪರೀಕ್ಷಿಸಿದ ಲ್ಯಾಬಿಗೆ ಅರ್ಜಿ ಕೊಟ್ಟರೆ ಕೊಡುತ್ತಾರೆ. ಬ್ಲಾಕನ್ನು ಕಾರಿನ ಗಾಜಿನ ಹಿಂದೆ ಬಿಸಿಲಿಗಿಟ್ಟರೆ ಮೇಣ ಕರಗುತ್ತದೆ. ಸ್ಲೈಡುಗಳನ್ನು ಗಟ್ಟಿ ಡಬ್ಬಿಯಲ್ಲಿ ಹತ್ತಿ ಹಾಕಿ ಇಡಿ. ಎಲ್ಲ ಕಾಗದದ ಫೋಟೋ ಮೊಬೈಲಿನಲ್ಲಿರಲಿ, ಮೂಲ ಪ್ರತಿ ನೀರು ಹೋಗದ ಕವರಿನಲ್ಲಿ.

ರೇಡಿಯೇಷನ್ ಎಂದರೆ ಬಾಯಿಗೆ ವಾರಕ್ಕೆ ಐದು ದಿನದಂತೆ ಆರೇಳು ವಾರ. ದಿನ ಬಿಟ್ಟರೆ ಗಡ್ಡೆ ಮತ್ತೆ ಬೆಳೆಯಲು ಅವಕಾಶ ಸಿಗುತ್ತದೆ, ಹಾಗಾಗಿ ಊರಿಂದ ಓಡಾಡುವ ಯೋಚನೆ ಬೇಡ. ಆಸ್ಪತ್ರೆ ಹತ್ತಿರವೇ ಕೋಣೆ ಮಾಡಿ. ಮಳೆಗಾಲದಲ್ಲಂತೂ ನಮ್ಮ ದಾರಿಗಳನ್ನು ನೆಚ್ಚುವಂತಿಲ್ಲ. 2024ರ ಜುಲೈನಲ್ಲಿ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಬಂದ್ ಆದದ್ದು ಎಲ್ಲರಿಗೂ ನೆನಪಿದೆ. ರೈಲಿನಲ್ಲಿ ಹೋಗುವವರು ಆಸ್ಪತ್ರೆಯಿಂದ ರಿಯಾಯಿತಿ ಫಾರ್ಮ್ ಬರೆಸಿಕೊಳ್ಳಿ: ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಮೂರನೇ ಎಸಿ ದರ್ಜೆಯಲ್ಲಿ ಪೂರ್ತಿ, ಜೊತೆಗೆ ಬರುವವರಿಗೆ ಶೇಕಡಾ 75 ವಿನಾಯಿತಿ.

ಬಾಯಿ ರೇಡಿಯೇಷನ್ನಿಗೆ ಮುಂಚೆ ದಂತವೈದ್ಯರನ್ನು ಕಾಣುವುದು ತಪ್ಪಬಾರದು. ಕೆಟ್ಟ ಹಲ್ಲನ್ನು ಎರಡು ವಾರ ಮೊದಲೇ ಕೀಳಿಸಿ ಗಾಯ ಒಣಗಬೇಕು. ರೇಡಿಯೇಷನ್ ಬಿದ್ದ ದವಡೆಯಿಂದ ಆಮೇಲೆ, ಹತ್ತು ವರ್ಷ ಕಳೆದ ಮೇಲೂ, ಹಲ್ಲು ಕಿತ್ತರೆ ಮೂಳೆ ಸಾಯುವ ಅಪಾಯವಿದೆ. ಊರಿನ ಯಾವ ದಂತವೈದ್ಯರಿಗೇ ಆಗಲಿ ಕುರ್ಚಿಯಲ್ಲಿ ಕೂರುವ ಮೊದಲೇ ಈ ಮಾತು ಹೇಳಿ.

ಮನೆಗೆ ಬಂದ ಮೇಲೆ

ಕೀಮೋ ನಡೆಯುತ್ತಿರುವಾಗ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೆ ಗುಳಿಗೆ ನುಂಗಿ ಮಲಗುವಂತಿಲ್ಲ. ಕೀಮೋ ಆಗಿ ಏಳರಿಂದ ಹದಿನಾಲ್ಕನೇ ದಿನದ ನಡುವೆ ಬಿಳಿ ರಕ್ತಕಣ ತಳಕ್ಕಿಳಿದಿರುತ್ತದೆ. ರಾತ್ರಿಯಾದರೂ ಹತ್ತಿರದ ಆಸ್ಪತ್ರೆಗೆ ಹೋಗಿ ‘ಕೀಮೋ ಆಗಿದೆ’ ಎಂದು ಮೊದಲ ಮಾತಾಗಿ ಹೇಳಿ. ಮನೆಯಲ್ಲಿ ಥರ್ಮಾಮೀಟರ್ ಇರಲಿ.

ಬಾಯಿ ಸುಟ್ಟಂತಾದವರಿಗೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡ ಹಾಕಿ ದಿನಕ್ಕೆ ಆರೆಂಟು ಸಲ ಮುಕ್ಕಳಿಸಲು ಕೊಡಿ. ತುಪ್ಪ ಹಾಕಿದ ಗಂಜಿ, ಮೊಟ್ಟೆ, ಮುಳ್ಳು ಬಿಡಿಸಿ ಅರೆದ ಮೀನು ಆಗುತ್ತದೆ. ವಾರಕ್ಕೊಮ್ಮೆ ತೂಕ ಬರೆದಿಡಿ. ಬಾಯಿ ಮತ್ತೆ ಕಟ್ಟದಂತೆ ಐಸ್‌ಕ್ರೀಮ್ ಕಡ್ಡಿಗಳನ್ನು ಒಟ್ಟುಗೂಡಿಸಿ ಹಲ್ಲಿನ ನಡುವೆ ಅರ್ಧ ನಿಮಿಷ ಹಿಡಿಯುವುದು, ಕೆಲವು ದಿನಕ್ಕೊಂದು ಕಡ್ಡಿ ಹೆಚ್ಚಿಸುವುದು. ಶುರು ಯಾವಾಗ ಎಂದು ವೈದ್ಯರನ್ನು ಕೇಳಿಯೇ.

ಫಾಲೋಅಪ್ ಎಂಬುದು ಚಿಕಿತ್ಸೆಯ ಬಾಲವಲ್ಲ, ಅದರದೇ ಒಂದು ಭಾಗ. ಬಾಯಿ ಕ್ಯಾನ್ಸರ್ ಮರಳುವುದಾದರೆ ಹೆಚ್ಚಾಗಿ ಮೊದಲ ಎರಡು ವರ್ಷದಲ್ಲಿ. ಮೊದಲ ವರ್ಷ ಒಂದರಿಂದ ಮೂರು ತಿಂಗಳಿಗೊಮ್ಮೆ, ಎರಡನೇ ವರ್ಷ ಎರಡರಿಂದ ಆರು ತಿಂಗಳಿಗೊಮ್ಮೆ, ಐದು ವರ್ಷದವರೆಗೆ ನಾಲ್ಕರಿಂದ ಎಂಟು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಕುತ್ತಿಗೆಗೆ ರೇಡಿಯೇಷನ್ ಆದವರು ಆರರಿಂದ ಹನ್ನೆರಡು ತಿಂಗಳಿಗೊಮ್ಮೆ ಥೈರಾಯ್ಡ್ ರಕ್ತಪರೀಕ್ಷೆಯನ್ನೂ ಮಾಡಿಸಬೇಕು. ಸುಸ್ತು, ಮೈ ಊತ, ಚಳಿ ತಡೆಯದಿರುವುದು ಎಲ್ಲವನ್ನೂ ಕ್ಯಾನ್ಸರಿನ ತಲೆಗೆ ಕಟ್ಟಿ ಇದನ್ನು ಬಿಡುವುದುಂಟು. ಸ್ತನದ ಚಿಕಿತ್ಸೆಯಾದವರಿಗೆ ಮೊದಲ ಮೂರು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ಪರೀಕ್ಷೆ, ವರ್ಷಕ್ಕೊಂದು ಮ್ಯಾಮೊಗ್ರಾಮ್. ಹಾರ್ಮೋನಿಗೆ ಸ್ಪಂದಿಸುವ ಗಡ್ಡೆ ಇದ್ದವರಿಗೆ ಕೊಡುವ ಟಾಮೊಕ್ಸಿಫೆನ್ ಗುಳಿಗೆ ಕನಿಷ್ಠ ಐದು ವರ್ಷದ್ದು. ‘ಆರಾಮಿದ್ದೇನೆ’ ಎಂದು ಎರಡನೇ ವರ್ಷಕ್ಕೆ ಬಿಡುವವರೇ ಜಾಸ್ತಿ, ಅಂಗಡಿಯಲ್ಲಿ ಮುಗಿಯುವ ಮೊದಲೇ ಒಂದು ತಿಂಗಳಿನದು ಹೆಚ್ಚು ತಂದಿಡಿ.

ಮುಂದಿನ ತಾರೀಕುಗಳನ್ನು ಬರೆಯುವಾಗ ಜುಲೈ, ಆಗಸ್ಟಿನಲ್ಲಿ ಬೀಳುವುದಿದ್ದರೆ ವೈದ್ಯರ ಹತ್ತಿರ ಮಾತಾಡಿ ಜೂನ್ ಮೊದಲ ವಾರಕ್ಕೆ ಎಳೆಸಿಕೊಳ್ಳಿ. ಕವಳ ಬಿಡಲು ಕಷ್ಟವಾದರೆ 1800 11 2356 ಎಂಬ ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿಗೆ ಕರೆ ಉಚಿತ. ಚಿಕಿತ್ಸೆ ಮುಗಿಸಿ ಬಂದವರ ಎದುರು ಮನೆಯವರು ಬಟ್ಟಲು ತೆರೆಯದಿದ್ದರೆ ಅರ್ಧ ಕೆಲಸ ಅಲ್ಲೇ ಆಯಿತು.